ಬೀಗರೂಟದ ರಾತ್ರಿ ಗಾಡಿ ಕೀ ಯಾರ ಕೈಯಲ್ಲಿರಬೇಕು: ಕುಡಿದು ವಾಹನ ಓಡಿಸುವುದನ್ನೂ ವ್ಯಸನವನ್ನೂ ಊರಿನವರೇ ತಗ್ಗಿಸುವ ಬಗೆ

ಹಳೇ ಮೈಸೂರು ಸೀಮೆಯ ನಮ್ಮ ಊರುಗಳಲ್ಲಿ ಮದುವೆ ಮುಗಿದ ಕೆಲವೇ ದಿನಗಳಲ್ಲಿ ಬೀಗರೂಟ ನಡೆಯುತ್ತದೆ. ತೋಟದ ಮನೆಯ ಮುಂದಿನ ಶಾಮಿಯಾನದಲ್ಲಿ ಮುದ್ದೆ, ಬಾಡಿನ ಸಾರಿನ ಪಂಕ್ತಿ ಸಾಗುತ್ತಿದ್ದರೆ, ಪಂಪ್‌ಹೌಸಿನ ಹಿಂದೆ ಯಾರೂ ಬಾಯಿಬಿಟ್ಟು ಹೇಳದ, ಆದರೆ ಎಲ್ಲರಿಗೂ ಗೊತ್ತಿರುವ ಇನ್ನೊಂದು ಪಂಕ್ತಿ ಕೂತಿರುತ್ತದೆ. ರಾತ್ರಿ ಹತ್ತರ ನಂತರ ಬೈಕುಗಳು ಒಂದೊಂದಾಗಿ ಹೊರಡುತ್ತವೆ. ಇಂಥದ್ದೇ ಒಂದು ರಾತ್ರಿ ನಮ್ಮ ನೆಂಟರ ಹುಡುಗನೊಬ್ಬ, ರಸ್ತೆಯ ಅಂಚಿನಲ್ಲಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೈಲರಿನ ಹಿಂಭಾಗಕ್ಕೆ ಗುದ್ದಿ ತೀರಿಕೊಂಡ. ಸಾವಿನ ಮನೆಯಲ್ಲಿ ಅವನ ತಾಯಿ ಕೇಳಿದ್ದು ಒಂದೇ ಮಾತು: "ಹೋಗ್ಬೇಡ ಕಣಪ್ಪಾ ಅಂತ ಒಬ್ರಾದ್ರೂ ಹೇಳ್ಬಾರ್ದಿತ್ತಾ?" ಹೇಳಿದ್ದರು. ನಾನೂ ಸೇರಿದಂತೆ ಮೂವರು ಹೇಳಿದ್ದೆವು. ಕೀಯನ್ನು ಮಾತ್ರ ಯಾರೂ ತೆಗೆದುಕೊಂಡಿರಲಿಲ್ಲ.

ಹೇಳುವುದಕ್ಕೂ ಕೀ ತೆಗೆದುಕೊಳ್ಳುವುದಕ್ಕೂ ನಡುವಿನ ಈ ಅಂತರವನ್ನು ಒಂದು ಊರು ಹೇಗೆ ತುಂಬಿಕೊಳ್ಳಬಹುದು ಎಂಬುದೇ ಈ ಮಾರ್ಗದರ್ಶಿಯ ವಿಷಯ. ಇದು ಒಂದು ಗ್ರಾಮ ಪಂಚಾಯಿತಿಯ ವ್ಯಾಪ್ತಿಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಪಟ್ಟಣದ ಬಡಾವಣೆಯವರೂ ತಮಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು.

ಹೆಜ್ಜೆ 1: ಎರಡು ಕೆಲಸಗಳನ್ನು ಒಂದೇ ಎಂದು ತಿಳಿಯಬೇಡಿ

ಕುಡಿದು ವಾಹನ ಓಡಿಸುವುದು ಒಂದು ಸಮಸ್ಯೆ, ಕುಡಿತದ ಚಟ ಇನ್ನೊಂದು. ಬೀಗರೂಟದ ರಾತ್ರಿ ಬೈಕ್ ಹತ್ತುವವರಲ್ಲಿ ಅನೇಕರು ವ್ಯಸನಿಗಳಲ್ಲ. ವರ್ಷಕ್ಕೆ ನಾಲ್ಕಾರು ಬಾರಿ ಕುಡಿಯುವವರೂ ಅವರಲ್ಲಿರುತ್ತಾರೆ. ಅಭ್ಯಾಸವಿಲ್ಲದ ಕಾರಣಕ್ಕೆ ಅಪಾಯ ಅವರಿಗೆ ಹೆಚ್ಚೇ ಇರುತ್ತದೆ. ಇತ್ತ ದಿನವೂ ಬೆಳಗ್ಗೆಯೇ ಕುಡಿಯುವ ವ್ಯಸನಿಗೆ ಎಷ್ಟೋ ಸಲ ಓಡಿಸಲು ಗಾಡಿಯೇ ಉಳಿದಿರುವುದಿಲ್ಲ, ಅದನ್ನು ಎಂದೋ ಅಡವಿಟ್ಟಿರುತ್ತಾನೆ. ಮೊದಲನೆಯ ಸಮಸ್ಯೆಯನ್ನು ಒಂದು ಮದುವೆ ಸುಗ್ಗಿಯೊಳಗೆ ಕಣ್ಣಿಗೆ ಕಾಣುವಂತೆ ತಗ್ಗಿಸಬಹುದು, ಎರಡನೆಯದಕ್ಕೆ ವರ್ಷಗಳೇ ಬೇಕು. ಎರಡನ್ನೂ ಕಲಸಿ "ಮದ್ಯಮುಕ್ತ ಗ್ರಾಮ" ಎಂಬ ಬ್ಯಾನರ್ ಕಟ್ಟಿದ ಊರುಗಳನ್ನು ನಾನು ಕಂಡಿದ್ದೇನೆ. ಬ್ಯಾನರ್ ಮಾಸುವ ಮೊದಲೇ ಸಮಿತಿ ಮಾಯವಾಗಿರುತ್ತದೆ.

ಆದ್ದರಿಂದ ಮೊದಲು ರಸ್ತೆಯ ಕೆಲಸವನ್ನು ಹಿಡಿಯಿರಿ. ಅದಕ್ಕೆ ಕುಡಿಯುವವರ ವಿರೋಧವೂ ಕಡಿಮೆ, ಏಕೆಂದರೆ ನೀವು ಅವರ ಲೋಟವನ್ನು ಕಸಿಯುತ್ತಿಲ್ಲ, ಅವರನ್ನು ಮನೆ ಸೇರಿಸುತ್ತಿದ್ದೀರಿ. ಆ ಕೆಲಸದಲ್ಲಿ ಗಳಿಸಿದ ನಂಬಿಕೆಯೇ ಮುಂದೆ ವ್ಯಸನಿಯ ಮನೆಯ ಬಾಗಿಲು ತಟ್ಟಲು ನಿಮಗಿರುವ ಬಂಡವಾಳ.

ಹೆಜ್ಜೆ 2: ಸಣ್ಣ ಸಮಿತಿ ಕಟ್ಟಿ

ಒಂಬತ್ತು ಹತ್ತು ಜನ ಸಾಕು. ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸ್ವಸಹಾಯ ಸಂಘಗಳಿಂದ ಮೂವರು, ಆಶಾ ಕಾರ್ಯಕರ್ತೆ, ಊರಿನ ಒಬ್ಬ ಆಟೊ ಅಥವಾ ಟೆಂಪೊ ಚಾಲಕ, ನಿವೃತ್ತ ಶಿಕ್ಷಕರು ಯಾರಾದರೂ, ಯುವಕ ಸಂಘದ ಇಬ್ಬರು ಮತ್ತು, ಎಲ್ಲರಿಗಿಂತ ಮುಖ್ಯವಾಗಿ, ಕುಡಿತ ಬಿಟ್ಟು ಕೆಲವು ವರ್ಷ ಕಳೆದಿರುವ ಒಬ್ಬರು. ಈ ಕೊನೆಯವರ ಮಾತಿಗಿರುವ ತೂಕ ಡಾಕ್ಟರ ಮಾತಿಗೂ ಇರುವುದಿಲ್ಲ. ಪಂಚಾಯಿತಿ ಚುನಾವಣೆಗೆ ನಿಲ್ಲಬೇಕೆಂದಿರುವವರನ್ನು ಸಮಿತಿಯಲ್ಲಿ ಸೇರಿಸಿಕೊಳ್ಳದಿರುವುದು ಒಳ್ಳೆಯದು, ಚುನಾವಣೆ ಹತ್ತಿರವಾದಾಗ ಅವರೇ ಬಾಟಲಿ ಹಂಚಬೇಕಾದ ಇಕ್ಕಟ್ಟಿಗೆ ಸಿಲುಕುತ್ತಾರೆ. ಬಾರ್ ಮಾಲೀಕರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಬೇಡಿ, ಆದರೆ ಶತ್ರುವೆಂದೂ ಎಣಿಸಬೇಡಿ. ಮುಂದೆ ಅವರಿಂದ ಆಗಬೇಕಾದ ಕೆಲಸವಿದೆ.

ಸಮಿತಿಯನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ. ಗ್ರಾಮಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಲೇಬೇಕು, ಅದರ ನಿರ್ಣಯದ ಪ್ರತಿಗೆ ಅಭಿವೃದ್ಧಿ ಅಧಿಕಾರಿಯ ಸಹಿ, ಮೊಹರು ಬಿದ್ದರೆ ಠಾಣೆಯಲ್ಲಿ ಕುರ್ಚಿ ಸಿಗುತ್ತದೆ. ಪ್ರತ್ಯೇಕ ಸಂಘದ ನೋಂದಣಿಗೆ ಮೊದಲ ವರ್ಷವೇ ಓಡಾಡಬೇಕಾಗಿಲ್ಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂಬುದು ಈಗಾಗಲೇ ಇರುವುದರಿಂದ, ಅದರ ಉಪಸಮಿತಿಯಾಗಿ ನಡೆಸಿದರೂ ಸಾಗುತ್ತದೆ.

ಹೆಜ್ಜೆ 3: ಎಲ್ಲಿ, ಯಾವಾಗ, ಯಾರು ಎಂದು ಬರೆದಿಡಿ

ಊರಿನ ಎಲ್ಲರಿಗೂ "ಆ ತಿರುವು ಸರಿಯಿಲ್ಲ" ಎಂದು ಗೊತ್ತಿರುತ್ತದೆ. ಆದರೆ ಬರಹದಲ್ಲಿ ಇರುವುದಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು, ಕಳೆದ ಮೂರು ವರ್ಷಗಳಲ್ಲಿ ನಿಮ್ಮ ವ್ಯಾಪ್ತಿಯಲ್ಲಿ ನಡೆದ ಅಪಘಾತಗಳ ದಿನ, ಗಂಟೆ, ಜಾಗ, ವಾಹನ, ಗಾಯದ ಪ್ರಮಾಣ, ಆ ದಿನ ಊರಲ್ಲಿ ಹಬ್ಬ, ಜಾತ್ರೆ, ಸಂತೆ ಏನಾದರೂ ಇತ್ತೇ ಎಂಬುದನ್ನು ಸಾಲಾಗಿ ಬರೆಯಿರಿ. ಹೆಸರು ಬರೆಯಬೇಡಿ. ಠಾಣೆಯಲ್ಲಿ ಕೇಳಿದರೆ ಸಿಗದ ಮಾಹಿತಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಕೊಡಬೇಕು. 108 ಆಂಬುಲೆನ್ಸ್ ಚಾಲಕರು, ಹೆದ್ದಾರಿ ಬದಿಯ ಟೀ ಅಂಗಡಿಯವರು, ಪಂಕ್ಚರ್ ಅಂಗಡಿಯವರು ಇಂಥ ವಿಷಯದಲ್ಲಿ ಯಾವ ಕಡತಕ್ಕೂ ಕಡಿಮೆಯಿಲ್ಲ.

ಇದಕ್ಕೆ ಇನ್ನೊಂದು ಉಪಯೋಗವೂ ಇದೆ. ಸುಮಾರು 500 ಮೀಟರ್ ಉದ್ದದ ಹೆದ್ದಾರಿಯ ತುಣುಕಿನಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯವಾದ ಐದು ಅಪಘಾತಗಳು, ಇಲ್ಲವೇ ಹತ್ತು ಸಾವುಗಳು ಸಂಭವಿಸಿದ್ದರೆ ಅದನ್ನು ಕೇಂದ್ರ ಸಾರಿಗೆ ಸಚಿವಾಲಯದ ವ್ಯಾಖ್ಯೆಯಂತೆ ಬ್ಲ್ಯಾಕ್ ಸ್ಪಾಟ್ ಎಂದು ಗುರುತಿಸಬೇಕು. ನಿಮ್ಮ ನೋಟ್‌ಬುಕ್ ಈ ಮಿತಿಯನ್ನು ಮುಟ್ಟಿದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೆ ಬರೆಯುವ ಮನವಿಗೆ ಬಲ ಬರುತ್ತದೆ.

ಹೆಜ್ಜೆ 4: "ಒಂದು ನೈಂಟಿಗೆ ಏನಾಗುತ್ತೆ?" ಎಂಬ ಪ್ರಶ್ನೆಗೆ ಲೆಕ್ಕದಲ್ಲಿ ಉತ್ತರಿಸಿ

ನೀತಿ ಹೇಳಿದರೆ ಯಾರೂ ಕೇಳುವುದಿಲ್ಲ, ಲೆಕ್ಕ ಹೇಳಿದರೆ ಕೇಳುತ್ತಾರೆ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್‌ಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಹಾಗಾಗಿ 90 ಮಿಲಿ ಪ್ಯಾಕೆಟಿನಲ್ಲಿ ಸುಮಾರು 30 ಗ್ರಾಂ, 180 ಮಿಲಿ ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇದೆಯೆಂದಾಯಿತು. ಆರೋಗ್ಯವಂತ ಯಕೃತ್ತು ಗಂಟೆಗೆ ಹೆಚ್ಚುಕಡಿಮೆ 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರ ಸ್ನಾನ, ಸ್ಟ್ರಾಂಗ್ ಕಾಫಿ ಇವುಗಳಲ್ಲಿ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಎರಡು ಕ್ವಾರ್ಟರ್ ಮುಗಿಸಿ ಮಲಗಿದವನ ರಕ್ತದಲ್ಲಿ, ಅವನು ಬೆಳಗ್ಗೆ ಐದೂವರೆಗೆ ಹಾಲಿನ ವ್ಯಾನ್ ಹತ್ತುವಾಗಲೂ ಮದ್ಯ ಇದ್ದೇ ಇರುತ್ತದೆ. "ರಾತ್ರಿ ಕುಡಿದದ್ದು ರಾತ್ರಿಗೇ ಇಳಿಯಿತು" ಎಂಬುದು ಸುಳ್ಳು ನಂಬಿಕೆ.

ಈಗ ಕಾನೂನಿನ ಅಂಕಿ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇರುವುದು ಊದಿಸುವ ಯಂತ್ರದಲ್ಲಿ ಕಂಡುಬಂದರೆ ಅಪರಾಧ. ಸಾಧಾರಣ ಮೈಕಟ್ಟಿನವನೊಬ್ಬ ಒಂದೇ ನೈಂಟಿ ಕುಡಿದು ತಕ್ಷಣ ಗಾಡಿ ಹತ್ತಿದರೂ ಈ ಮಿತಿಯನ್ನು ದಾಟಿರುವ ಸಾಧ್ಯತೆಯೇ ಹೆಚ್ಚು. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಮೊದಲ ಸಲಕ್ಕೆ ಆರು ತಿಂಗಳವರೆಗಿನ ಸಜೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ, ಮತ್ತೊಮ್ಮೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗಿನ ಸಜೆ ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ. ಗಾಂಜಾ ಮೊದಲಾದವುಗಳ ಅಮಲಿನಲ್ಲಿ ಹತೋಟಿ ತಪ್ಪಿ ಓಡಿಸುವವರಿಗೂ ಇದೇ ಕಲಂ ಅನ್ವಯಿಸುತ್ತದೆ. ಜನ "ಡಿಡಿ ಕೇಸ್" ಎಂದು ಕರೆಯುವ ಈ ಪ್ರಕರಣದ ದಂಡವನ್ನು ರಸ್ತೆಯಲ್ಲೇ ಕಟ್ಟಿ ಮುಗಿಸುವಂತಿಲ್ಲ, ನ್ಯಾಯಾಲಯಕ್ಕೆ ಹೋಗಬೇಕು. ಆ ದಿನದ ಕೂಲಿಯೂ ಹೋಯಿತು. ಇದರ ಮೇಲೆ, ಕುಡಿದು ಓಡಿಸುವಾಗ ಆದ ಸ್ವಂತ ವಾಹನದ ಹಾನಿಗೆ ವಿಮೆಯ ಹಣ ಸಿಗುವುದಿಲ್ಲವೆಂಬ ಷರತ್ತು ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಕಂತಿನ ಮೇಲೆ ಗಾಡಿ ತೆಗೆದ ಹುಡುಗರಿಗೆ ಜೈಲಿನ ಮಾತಿಗಿಂತ ಈ ಮಾತು ಬೇಗ ನಾಟುತ್ತದೆ.

ಹದಿನೆಂಟು ತುಂಬದ ಮಗನ ಕೈಗೆ ಗಾಡಿ ಕೊಡುವ ಅಪ್ಪಂದಿರಿಗೆ ಇನ್ನೊಂದು ಕಲಂ ಇದೆ, 199ಎ. ಮಗ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗಿನ ಸಜೆ ಮತ್ತು 25,000 ರೂಪಾಯಿ ದಂಡ.

ಹೆಜ್ಜೆ 5: ಕೀ ಡಬ್ಬಿ ಮತ್ತು ರಾತ್ರಿ ಗಾಡಿ

ಇಡೀ ಕೆಲಸದ ತಿರುಳು ಇಲ್ಲಿದೆ. ಕುಡಿದವನಿಗೆ ಗಾಡಿ ಹತ್ತಬೇಡ ಎನ್ನುವ ಮೊದಲು ಅವನು ಮನೆ ಸೇರುವುದು ಹೇಗೆ ಎಂಬುದಕ್ಕೆ ನಿಮ್ಮಲ್ಲಿ ಉತ್ತರವಿರಬೇಕು. ನಮ್ಮ ಹಳ್ಳಿಗಳಿಗೆ ರಾತ್ರಿ ಎಂಟೂವರೆಯ ನಂತರ ಬಸ್ಸಿಲ್ಲ, ಮೊಬೈಲಿನಲ್ಲಿ ಕರೆದರೆ ಬರುವ ಟ್ಯಾಕ್ಸಿಯೂ ಇಲ್ಲ.

ಮೊದಲ ಏರ್ಪಾಡು, ಸಮಾರಂಭದ ಮನೆಯವರೊಡನೆ ಮಾತು. ಲಗ್ನಪತ್ರಿಕೆ ಹಂಚುವ ಹೊತ್ತಿಗೇ ಸಮಿತಿಯ ಇಬ್ಬರು ಹೋಗಿ, "ಬೀಗರೂಟದ ರಾತ್ರಿ ಒಂದು ಟೆಂಪೊ ನಿಲ್ಲಿಸಿ, ಸುತ್ತಲ ಊರಿನವರನ್ನು ಬಿಟ್ಟು ಬರಲಿ" ಎಂದು ಕೇಳಬೇಕು. ಮೂರು ಕುರಿ ಕಡಿಯುವ ಮನೆಗೆ ಒಂದು ರಾತ್ರಿಯ ಟೆಂಪೊ ಬಾಡಿಗೆ ಹೊರೆಯಲ್ಲ, ಈ ಆಲೋಚನೆ ಅವರಿಗೆ ಬಂದಿರುವುದಿಲ್ಲ, ಅಷ್ಟೆ. ಬಾಡಿಗೆಗೆ ಹಳದಿ ಬೋರ್ಡಿನ ವಾಹನವನ್ನೇ ಹಿಡಿಯಿರಿ. ಬಿಳಿ ಬೋರ್ಡಿನ ಕಾರಿನಲ್ಲಿ ಸ್ನೇಹಕ್ಕಾಗಿ ಬಿಟ್ಟುಬರುವುದು ಸರಿ, ದುಡ್ಡು ತೆಗೆದುಕೊಂಡರೆ ಕಾನೂನಿನ ತೊಡಕು, ಅಪಘಾತವಾದರೆ ವಿಮೆಯ ತೊಡಕು. ಗೂಡ್ಸ್ ಆಟೊದ ಹಿಂಭಾಗದಲ್ಲಿ ಜನರನ್ನು ತುಂಬುವುದಂತೂ ಬೇಡವೇ ಬೇಡ. ಚಾಲಕನಿಗೆ ಊಟ ಮೊದಲೇ ಬಡಿಸಿ, ಅವನು ಆ ರಾತ್ರಿ ಮುಟ್ಟುವುದಿಲ್ಲವೆಂದು ಮಾತು ತೆಗೆದುಕೊಳ್ಳಿ. ಹೇಳುವುದೇ ವಿಚಿತ್ರವೆನಿಸಬಹುದು, ಆದರೆ ಒಮ್ಮೆ ನಾವು ಇದನ್ನು ಹೇಳಲು ಮರೆತು, ಕೊನೆಗೆ ಟೆಂಪೊ ಚಾಲಕನ ಕೀಯನ್ನೇ ಡಬ್ಬಿಗೆ ಹಾಕಬೇಕಾಯಿತು.

ಎರಡನೆಯದು ಕೀ ಡಬ್ಬಿ. ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ ಸಾಕು. ಗಾಡಿ ನಿಲ್ಲಿಸುವ ಜಾಗದಲ್ಲಿ ಮೇಜು ಹಾಕಿ, ಬಂದವರು ಊಟಕ್ಕೆ ಹೋಗುವ ಮೊದಲೇ ಕೀ ಪಡೆದು, ಅದಕ್ಕೆ ದಾರದಲ್ಲಿ ಸಂಖ್ಯೆಯ ಚೀಟಿ ಕಟ್ಟಿ, ಅದೇ ಸಂಖ್ಯೆಯ ಇನ್ನೊಂದು ಚೀಟಿಯನ್ನು ಅವರ ಕೈಗೆ ಕೊಡುವುದು. ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟು ಟೋಕನ್ ತೆಗೆದುಕೊಂಡ ಹಾಗೆ, ಇದರಲ್ಲಿ ಯಾರಿಗೂ ಅವಮಾನವಿಲ್ಲ, ಏಕೆಂದರೆ ಕುಡಿಯುವವರು, ಕುಡಿಯದವರು ಎಲ್ಲರೂ ಕೊಡುತ್ತಾರೆ. ಕುಡಿದ ಮೇಲೆ ಕೀ ಕೇಳುವುದು ಜಗಳ, ಕುಡಿಯುವ ಮೊದಲು ಕೇಳುವುದು ವ್ಯವಸ್ಥೆ. ಹಿಂದಿರುಗುವಾಗ ಚೀಟಿ ಕೊಟ್ಟವರು ನೇರವಾಗಿ ನಿಂತು ಮಾತಾಡುತ್ತಿದ್ದರೆ, ಬಾಯಿಯ ವಾಸನೆ ಇಲ್ಲದಿದ್ದರೆ ಕೀ ಕೊಡಿ. ಅನುಮಾನವಿದ್ದರೆ ಟೆಂಪೊ ತೋರಿಸಿ.

ಮೇಜಿನ ಮುಂದೆ ಕೂರುವವರು ಯಾರು ಎಂಬುದು ಚೀಟಿಗಿಂತ ಮುಖ್ಯ. ಪೊಲೀಸರ ಗತ್ತಿನ ಯುವಕನನ್ನು ಕೂರಿಸಿದರೆ ಹತ್ತು ನಿಮಿಷದಲ್ಲಿ ಕೈ ಕೈ ಮಿಲಾಯಿಸುತ್ತದೆ. ಎಲ್ಲರಿಗೂ ವರಸೆಯಲ್ಲಿ ಹತ್ತಿರವಾಗುವ, ಅತ್ತೆ, ದೊಡ್ಡಮ್ಮ, ಅಜ್ಜಿ ಎನ್ನಿಸಿಕೊಳ್ಳುವ ಹಿರಿಯ ಹೆಂಗಸೊಬ್ಬರು ಕೂತರೆ ಎಂಥ ಪುಂಡನೂ ದನಿ ಏರಿಸುವುದಿಲ್ಲ. ಬಳಸುವ ಮಾತೂ ಹಾಗೆಯೇ. "ನೀನು ಕುಡಿದಿದ್ದೀಯ" ಎಂದರೆ "ಯಾವನು ಹೇಳಿದ್ದು" ಎಂಬ ಉತ್ತರ ಸಿದ್ಧವಾಗಿರುತ್ತದೆ. "ಭಾವ, ಗಾಡಿ ಇಲ್ಲೇ ಇರ್ಲಿ, ಬೆಳಿಗ್ಗೆ ನಾನೇ ತಂದು ಕೊಡ್ತೀನಿ, ಅಕ್ಕ ಕಾಯ್ತಿರ್ತಾರೆ" ಎಂದರೆ ಗಾಡಿಯ ಚಿಂತೆಯೂ ತೀರಿತು, ಮರ್ಯಾದೆಯೂ ಉಳಿಯಿತು. ಅನೇಕರು ಕುಡಿದೂ ಗಾಡಿ ಹತ್ತುವುದು ಹಟದಿಂದಲ್ಲ, ಬೈಕನ್ನು ಬಯಲಲ್ಲಿ ಬಿಟ್ಟುಹೋಗುವ ಭಯದಿಂದ. ಅದಕ್ಕಾಗಿಯೇ ರಾತ್ರಿ ಗಾಡಿಗಳನ್ನು ಕಾಯಲು ಇಬ್ಬರು ಉಳಿಯುತ್ತಾರೆಂದು ಮೊದಲೇ ಸಾರಿಬಿಡಿ.

ಹಟ ಹಿಡಿದು ಹೊರಟೇಬಿಟ್ಟವನನ್ನು ಬೆನ್ನಟ್ಟಬೇಡಿ, ವೇಗ ಹೆಚ್ಚಿಸುತ್ತಾನೆ. 112ಕ್ಕೆ ಕರೆ ಮಾಡಿ ಗಾಡಿ ಸಂಖ್ಯೆ, ಹೋದ ದಿಕ್ಕು ತಿಳಿಸಿ. ನೆಂಟನ ಮೇಲೆ ಪೊಲೀಸರಿಗೆ ಹೇಳುವುದೇ ಎಂದು ಹಿಂಜರಿಯುವವರಿಗೆ ನಾನು ಮೇಲೆ ಹೇಳಿದ ಟ್ರೈಲರಿನ ಕಥೆ ಹೇಳುತ್ತೇನೆ, ಬೇರೆ ವಾದ ನನ್ನಲ್ಲಿಲ್ಲ.

ಬಾರ್ ಮಾಲೀಕರಿಂದ ಆಗಬೇಕಾದ ಕೆಲಸವೂ ಇದೇ ಜಾತಿಯದು. ಕ್ಯಾಷ್ ಕೌಂಟರಿನ ಪಕ್ಕದಲ್ಲಿ ಊರಿನ ಆಟೊ ಚಾಲಕರ ಫೋನ್ ಸಂಖ್ಯೆಗಳನ್ನು ದೊಡ್ಡದಾಗಿ ಬರೆಸಿ ಹಾಕುವುದು, ತೂರಾಡುವವನ ಗಾಡಿಯನ್ನು ರಾತ್ರಿ ಆವರಣದಲ್ಲಿ ನಿಲ್ಲಿಸಿಕೊಳ್ಳುವುದು. ಗಿರಾಕಿ ಬದುಕಿದ್ದರೆ ನಾಳೆಯೂ ಬರುತ್ತಾನೆ ಎಂಬ ವ್ಯಾಪಾರದ ಮಾತು ಅವರಿಗೆ ಬೇಗ ಅರ್ಥವಾಗುತ್ತದೆ.

ಹೆಜ್ಜೆ 6: ರಸ್ತೆಯನ್ನೂ ಸ್ವಲ್ಪ ಕ್ಷಮಾಶೀಲವಾಗಿಸಿ

ಎಷ್ಟೇ ಮಾಡಿದರೂ ಒಬ್ಬಿಬ್ಬರು ತಪ್ಪಿಸಿಕೊಳ್ಳುತ್ತಾರೆ. ಅವರು ಸಾಯದಂತೆ ನೋಡಿಕೊಳ್ಳುವುದೂ ಸಮಿತಿಯ ಕೆಲಸವೇ. ಊರಿನ ಪ್ರತಿಯೊಂದು ಟ್ರೈಲರ್, ಎತ್ತಿನಗಾಡಿಯ ಹಿಂಭಾಗಕ್ಕೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸಿ, ಕಬ್ಬು ಕಟಾವು ಶುರುವಾಗುವ ಮೊದಲು ಒಂದು ಭಾನುವಾರದಲ್ಲಿ ಮುಗಿಯುವ ಕೆಲಸ. ತಿರುವಿನ ಮರಗಳಿಗೂ, ಸೇತುವೆಯ ಗೋಡೆಗೂ ಬಣ್ಣ ಬಳಿಯಿರಿ.

ಅಪಘಾತವಾದಾಗ "ಮುಟ್ಟಿದರೆ ಕೇಸು" ಎಂಬ ಹೆದರಿಕೆಯನ್ನು ಬಿಡಿಸಿ. ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ, ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ. 2025ರಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಯಷ್ಟು ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಹೆಜ್ಜೆ 7: ಚಿಲ್ಲರೆ ಅಂಗಡಿಯ ಅಕ್ರಮ ಮಾರಾಟ

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಹಳ್ಳಿಯ ಹೆಂಗಸರು ನೆಮ್ಮದಿಯ ಉಸಿರುಬಿಡುವಷ್ಟರಲ್ಲಿ ಅಗ್ಗದ ಬ್ರಾಂದಿ, ವಿಸ್ಕಿಯ ಪ್ಯಾಕೆಟುಗಳು ಬೀಡಿ ಅಂಗಡಿಗೂ ಬಂದು ಕೂತವು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದಾಗ ಹೇಳಿಕೊಂಡ ಗೋಳಿನಲ್ಲಿ ಈ ಮನೆಬಾಗಿಲ ಮಾರಾಟವೂ ಇತ್ತು. 2024–25ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 38,525 ಕೋಟಿ ರೂಪಾಯಿ. ಹೀಗಿರುವಾಗ ಇಲಾಖೆ ತಾನಾಗಿ ಓಡಿಬಂದು ನಿಮ್ಮ ಊರಿನ ಪ್ಯಾಕೆಟ್ ಹಿಡಿಯುತ್ತದೆಂದು ಕಾಯುವುದು ವ್ಯರ್ಥ. ನೀವೇ ಬರೆದು ಕೊಡಬೇಕು, ಬರೆದದ್ದಕ್ಕೆ ಸ್ವೀಕೃತಿ ಪಡೆಯಬೇಕು.

ದೂರಿನಲ್ಲಿ ಸರಿಯಾದ ಮಾತು ಬಳಸಿ. ಪರವಾನಗಿ ಇಲ್ಲದ ಮಾರಾಟ, ಅಂಗಡಿ ಅಥವಾ ಹೋಟೆಲಿನ ಮುಂದೆ ಕುಡಿಯಲು ಅನುವು ಮಾಡಿಕೊಡುವುದು, ಸಾರ್ವಜನಿಕ ಸ್ಥಳದಲ್ಲಿ ಕುಡಿಯುವುದು ಇವೆಲ್ಲ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧಗಳು. ಸಿಎಲ್-2, ಅಂದರೆ ಚಿಲ್ಲರೆ ಮದ್ಯ ಮಾರಾಟದ ಪರವಾನಗಿಯ ಅಂಗಡಿ ಬಾಟಲಿಯನ್ನು ಕಟ್ಟಿಕೊಡಬಹುದೇ ಹೊರತು ಅಲ್ಲೇ ಕೂರಿಸಿ ಕುಡಿಸುವಂತಿಲ್ಲ. ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ಒಳಗೆ ಸಾಮಾನ್ಯವಾಗಿ ಮದ್ಯದಂಗಡಿಗೆ ಪರವಾನಗಿ ಕೊಡುವಂತಿಲ್ಲ. ಹೆದ್ದಾರಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು 500 ಮೀಟರ್ ಅಂತರ ವಿಧಿಸಿ, 2017ರ ಮಾರ್ಚ್ 31ರಂದು, 20,000ದವರೆಗೆ ಜನಸಂಖ್ಯೆಯಿರುವ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು. ನಂತರ ಪಟ್ಟಣ ವ್ಯಾಪ್ತಿಗೆ ವಿನಾಯಿತಿಗಳೂ ಬಂದುದರಿಂದ, ಟೇಪು ಹಿಡಿದು ಅಳೆದೊಡನೆ ಗೆದ್ದೆವೆಂದುಕೊಳ್ಳದೆ, ನಿಮ್ಮ ಜಾಗಕ್ಕೆ ಯಾವ ನಿಯಮ ಅನ್ವಯಿಸುತ್ತದೆಂದು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತವಾಗಿ ಕೇಳಿ ತಿಳಿದುಕೊಳ್ಳಿ.

"ಹೋಗೋ ಮಗ, ಒಂದು ಪ್ಯಾಕೆಟ್ ತಗೊಂಡ್ ಬಾ" ಎಂದು ಮಕ್ಕಳನ್ನು ಕಳುಹಿಸುವ ಚಾಳಿ ನಮ್ಮಲ್ಲಿದೆ. ಮಕ್ಕಳಿಗೆ ಮದ್ಯ ಕೊಡುವುದನ್ನೂ, ಮದ್ಯ ಸಾಗಿಸಲು ಮಕ್ಕಳನ್ನು ಬಳಸುವುದನ್ನೂ 2015ರ ಬಾಲನ್ಯಾಯ ಕಾಯ್ದೆಯ 77 ಮತ್ತು 78ನೇ ಕಲಂಗಳು ಏಳು ವರ್ಷದವರೆಗಿನ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಯಾಗಿಸುತ್ತವೆ. ಇದನ್ನು ಅಂಗಡಿಯವರಿಗೆ ಒಮ್ಮೆ ಓದಿ ಹೇಳಿದರೆ ಸಾಕು, ಹೆಚ್ಚಿನವರು ಮರುದಿನದಿಂದಲೇ ಮಕ್ಕಳನ್ನು ಬರಿಗೈಯಲ್ಲಿ ವಾಪಸ್ಸು ಕಳಿಸುತ್ತಾರೆ.

ಒಂದು ಎಚ್ಚರಿಕೆ: ಸಮಿತಿಯವರು ಅಂಗಡಿಗೆ ನುಗ್ಗಿ ಬಾಟಲಿ ಒಡೆಯಬಾರದು. ಅದು ನಿಮ್ಮ ಮೇಲೆಯೇ ಪ್ರಕರಣವಾಗುತ್ತದೆ, ಆಮೇಲೆ ಎರಡು ವರ್ಷ ಕೋರ್ಟಿಗೆ ಅಲೆಯುವವರು ಸ್ವಸಹಾಯ ಸಂಘದ ಹೆಂಗಸರೇ ಹೊರತು ಅವರನ್ನು ಹುರಿದುಂಬಿಸಿದ ಮುಖಂಡರಲ್ಲ.

ಹೆಜ್ಜೆ 8: ವ್ಯಸನಿಯ ಮನೆಯ ಬಾಗಿಲಲ್ಲಿ

ಮದುವೆ ಸುಗ್ಗಿಯೊಂದು ಕಳೆದ ಮೇಲೆ, ಹೆಂಡತಿಯೋ ತಾಯಿಯೋ ತಾವಾಗಿ ಬಂದು "ನಮ್ಮನೆಯೋರಿಗೂ ಏನಾದ್ರೂ ಮಾಡಿ" ಎನ್ನುವ ದಿನ ಬರುತ್ತದೆ. ಆಗ ಮಾತ್ರ ಈ ಕೆಲಸಕ್ಕೆ ಕೈಹಾಕಿ.

ಮಾತಾಡಲು ಹೋಗುವ ಹೊತ್ತು ಬೆಳಗ್ಗೆ, ಅಮಲಿಲ್ಲದಾಗ. ಇಬ್ಬರಿಗಿಂತ ಹೆಚ್ಚು ಜನ ಹೋಗಬೇಡಿ, ಅವರಲ್ಲಿ ಕುಡಿತ ಬಿಟ್ಟವರು ಒಬ್ಬರಿರಲಿ. ವೈದ್ಯರು ಬಳಸುವ ನಾಲ್ಕು ಸರಳ ಪ್ರಶ್ನೆಗಳಿವೆ. ಕುಡಿತ ಕಡಿಮೆ ಮಾಡಬೇಕೆಂದು ನಿಮಗೇ ಎಂದಾದರೂ ಅನ್ನಿಸಿದೆಯೇ? ಅದರ ಬಗ್ಗೆ ಬೇರೆಯವರು ಮಾತೆತ್ತಿದರೆ ಸಿಟ್ಟು ಬರುತ್ತದೆಯೇ? ಕುಡಿದೆನಲ್ಲಾ ಎಂದು ಒಳಗೇ ಕೊರಗಿದ್ದೀರಾ? ಬೆಳಗ್ಗೆ ಎದ್ದೊಡನೆ ಕೈ ನಡುಕ ನಿಲ್ಲಲು ಕುಡಿದದ್ದಿದೆಯೇ? ಎರಡಕ್ಕೆ ಹೌದು ಎಂದರೆ ವೈದ್ಯರ ತಪಾಸಣೆ ಬೇಕು ಎಂದರ್ಥ. ನಾಲ್ಕನೆಯದಕ್ಕೆ ಹೌದು ಎಂದವರ ವಿಷಯದಲ್ಲಿ ಮುಂದಿನ ಮಾತನ್ನು ಬಹಳ ಗಮನವಿಟ್ಟು ಓದಬೇಕು.

ದಿನವೂ ವಿಪರೀತ ಕುಡಿಯುವವರು ದೇವರ ಮುಂದೆ ಆಣೆ ಹಾಕಿ ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಕೊನೆಯ ಸಲ ಕುಡಿದ 6ರಿಂದ 24 ಗಂಟೆಗಳಲ್ಲಿ ಕೈನಡುಕ, ಬೆವರು, ವಾಂತಿ ಶುರುವಾಗುತ್ತವೆ. ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಗೋಡೆಯ ಮೇಲೆ ಹುಳು ಹರಿದಂತೆ, ಯಾರೋ ಕರೆದಂತೆ. ಇದನ್ನು ಗಾಳಿ ಸೋಕಿದೆ ಎಂದು ಮಂತ್ರಿಸಲು ಕರೆದೊಯ್ದು ಹೊತ್ತು ಕಳೆಯುವುದುಂಟು. ಅದು ಗಾಳಿಯಲ್ಲ, ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ. 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಕೊನೆಯ ಸಲ ಯಾವಾಗ ಕುಡಿದದ್ದು ಎಂಬುದನ್ನು ಮರೆಮಾಚದೆ ಹೇಳಿ. ಬಿ1 ವಿಟಮಿನ್ ಕೊಡಬೇಕೇ ಎಂಬಂಥ ನಿರ್ಧಾರಗಳು ಆ ಮಾಹಿತಿಯ ಮೇಲೆ ನಿಂತಿರುತ್ತವೆ.

ಇನ್ನೊಂದು ಅಪಾಯ, ಊಟದ ಸಾರಿನಲ್ಲಿ ಗುಟ್ಟಾಗಿ ಬೆರೆಸುವ "ಕುಡಿತ ಬಿಡಿಸುವ ಪುಡಿ". ಬಸ್ಸಿನ ಹಿಂಬದಿಯ ಜಾಹೀರಾತು ನೋಡಿ ತರಿಸಿದ ಇಂಥ ಪುಡಿಯಲ್ಲಿ ಏನಿರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಮದ್ಯದೊಡನೆ ಸೇರಿದಾಗ ಎದೆಬಡಿತ, ವಾಂತಿ, ರಕ್ತದೊತ್ತಡದ ಕುಸಿತ ಉಂಟುಮಾಡುವ ಔಷಧಿಯೊಂದನ್ನು ವೈದ್ಯರೂ ಕೊಡುವುದುಂಟು, ಆದರೆ ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು. ತಿಳಿಯದೆ ತಿಂದವನು ಎಂದಿನಂತೆ ಕುಡಿದರೆ ಜೀವವೇ ಹೋಗಬಹುದು.

ಚಿಕಿತ್ಸೆಗೆ ಹೋಗಬೇಕಾದ ದಾರಿ ಹೀಗಿದೆ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗ. ಜಟಿಲ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್. ಹೊರಡುವ ಮೊದಲು ಫೋನಿನಲ್ಲೇ ಮಾತಾಡಬೇಕೆಂದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416 ಮತ್ತು ವ್ಯಸನಮುಕ್ತಿ ಸಹಾಯವಾಣಿ 14446 ಇವೆ, ಎರಡೂ ಉಚಿತ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಬೆಂಬಲದಿಂದ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳು ನಮ್ಮ ಹಳ್ಳಿಗರಿಗೆ ಹೆಚ್ಚು ಪರಿಚಿತ. ಆ ಶಿಬಿರಗಳ ಗಟ್ಟಿತನ ನನ್ನ ಪ್ರಕಾರ ಭಾಷಣದಲ್ಲಿಲ್ಲ, ಶಿಬಿರ ಮುಗಿದವರು ನವಜೀವನ ಸಮಿತಿಯಾಗಿ ಮತ್ತೆ ಮತ್ತೆ ಸೇರುವುದರಲ್ಲಿದೆ. ಆದರೂ ನಡುಕ, ಫಿಟ್ಸ್, ಕಾಮಾಲೆ ಇರುವವರನ್ನು ವೈದ್ಯರಿಗೆ ತೋರಿಸದೆ ಯಾವ ಶಿಬಿರಕ್ಕೂ ಕಳಿಸಬೇಡಿ. ಪಟ್ಟಣದ ಹತ್ತಿರವಿರುವವರಿಗೆ 1935ರಲ್ಲಿ ಅಮೆರಿಕದಲ್ಲಿ ಹುಟ್ಟಿ ಇಲ್ಲಿಗೂ ಬಂದ, ಕುಡಿತ ಬಿಟ್ಟವರೂ ಬಿಡಬೇಕೆನ್ನುವವರೂ ಒಟ್ಟಿಗೆ ಕೂರುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳೂ ಇವೆ, ಅಲ್ಲಿ ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಯೂ ಇಲ್ಲ.

ಮನೆಗೆ ಮರಳಿದ ಮೇಲಿನ ಮೊದಲ ಮೂರು ತಿಂಗಳು ಎಲ್ಲಕ್ಕಿಂತ ಕಷ್ಟದವು. ಸಂಜೆ ಆರರಿಂದ ಎಂಟು ಅವರಿಗೆ ಯಮಗಂಡ ಕಾಲ. ಆ ಹೊತ್ತಿಗೆ ಡೈರಿಯ ಲೆಕ್ಕ, ವಾಲಿಬಾಲ್, ಭಜನೆ, ಏನಾದರೊಂದು ಕೆಲಸ ಹಚ್ಚಿ. ಶನಿವಾರದ ಬಟವಾಡೆಯನ್ನು ಅವರ ಒಪ್ಪಿಗೆಯಿಂದ ಹೆಂಡತಿಯ ಖಾತೆಗೆ ಹಾಕುವಂತೆ ಮೇಸ್ತ್ರಿಯೊಡನೆ ಮಾತಾಡಿ. ಕೆಲಸದ ಕೊನೆಗೆ ಕೂಲಿಯ ಜೊತೆ ಒಂದು ಪ್ಯಾಕೆಟ್ ಕೊಡುವ ತೋಟದ ಮಾಲೀಕರಿಗೆ ಅದನ್ನು ನಿಲ್ಲಿಸಲು ಸಮಿತಿಯೇ ಹೇಳಬೇಕು, ಕೂಲಿಯವನಿಂದ ಅದು ಆಗುವುದಿಲ್ಲ. ಮತ್ತೆ ಕುಡಿದನೆಂದರೆ ಎಲ್ಲ ಮುಗಿಯಿತೆಂದಲ್ಲ. ಸಕ್ಕರೆ ಕಾಯಿಲೆಯವರು ಹಬ್ಬದಲ್ಲಿ ಹೋಳಿಗೆ ತಿಂದು ಮತ್ತೆ ಪಥ್ಯಕ್ಕೆ ಮರಳುವಂತೆಯೇ ಇದು, ಮತ್ತೆ ಕರೆದೊಯ್ಯಬೇಕು. ನಮ್ಮ ಸಮಿತಿಯಲ್ಲಿ ಈಗ ಗಟ್ಟಿಯಾಗಿ ನಿಂತಿರುವವರು ಮೂರನೆಯ ಸಲದ ಚಿಕಿತ್ಸೆಯಲ್ಲಿ ಬಿಟ್ಟವರು.

ಹೆಜ್ಜೆ 9: ಗಾಂಜಾ, ಮಾತ್ರೆ, ಸೊಲ್ಯೂಷನ್

ಕಾಲೇಜಿನ ಹುಡುಗರ ಕೈಗೆ ಗಾಂಜಾ, ನೋವಿನ ಮಾತ್ರೆಗಳು, ಶಾಲಾ ಮಕ್ಕಳ ಕೈಗೆ ಮೂಸಿ ಅಮಲೇರಿಸಿಕೊಳ್ಳುವ ಪಂಕ್ಚರ್ ಸೊಲ್ಯೂಷನ್ ಸಿಗುತ್ತಿರುವ ಊರುಗಳಲ್ಲಿ ತಂದೆತಾಯಿಯರನ್ನು ಬಾಯಿಮುಚ್ಚಿಸುವುದು ಪೊಲೀಸ್ ಭಯ. 1985ರ ಮಾದಕವಸ್ತು ಕಾಯ್ದೆಯ 64ಎ ಕಲಂ, ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಾವಾಗಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ, ಚಿಕಿತ್ಸೆಯನ್ನು ಪೂರ್ತಿ ಮುಗಿಸಬೇಕೆಂಬ ಷರತ್ತಿನೊಂದಿಗೆ. ಮಾರುವವರ ಬಗ್ಗೆ ಮಾಹಿತಿ ಕೊಡಲು 1933 ಸಹಾಯವಾಣಿ ಇದೆ. ಮಾರುವವರನ್ನು ಸಮಿತಿಯವರು ನೇರವಾಗಿ ಎದುರುಹಾಕಿಕೊಳ್ಳಬೇಡಿ. ಪಂಕ್ಚರ್ ಅಂಗಡಿ, ಸ್ಟೇಷನರಿ, ಔಷಧಿ ಅಂಗಡಿಯವರಿಗೆ ಮಾತ್ರ ನೀವೇ ಹೋಗಿ ಹೇಳಬಹುದು, ಅವರು ನಿಮ್ಮೂರಿನವರೇ.

ಹೆಜ್ಜೆ 10: ನೋಟ್‌ಬುಕ್ ಮತ್ತೆ ತೆರೆಯಿರಿ

ಆರು ತಿಂಗಳಿಗೊಮ್ಮೆ, ಗ್ರಾಮಸಭೆಗೆ ಮುಂಚೆ, ಮೂರನೇ ಹೆಜ್ಜೆಯ ನೋಟ್‌ಬುಕ್ ತೆಗೆದು ಮುಂದಿನ ಸಾಲುಗಳನ್ನು ತುಂಬಿ. ಅಪಘಾತಗಳ ಸಂಖ್ಯೆ ಒಂದು ಸಣ್ಣ ಊರಿನಲ್ಲಿ ಹಾಗೇ ಏರಿಳಿಯುತ್ತಿರುತ್ತದೆ, ಅದೊಂದನ್ನೇ ನೋಡಿ ಹಿಗ್ಗುವುದಾಗಲಿ ಕುಗ್ಗುವುದಾಗಲಿ ಬೇಡ. ಎಷ್ಟು ಸಮಾರಂಭಗಳಲ್ಲಿ ಡಬ್ಬಿ ಇಟ್ಟಿರಿ, ಎಷ್ಟು ಜನ ಟೆಂಪೊ ಹತ್ತಿದರು, ಚಿಕಿತ್ಸೆಗೆ ಹೋದವರಲ್ಲಿ ಎಷ್ಟು ಜನ ಮೂರು ತಿಂಗಳ ಮೇಲೂ ತಪಾಸಣೆಗೆ ಹೋಗುತ್ತಿದ್ದಾರೆ ಎಂಬ ಮೂರು ಅಂಕಿಗಳು ನಿಮ್ಮ ಕೆಲಸವನ್ನು ಹೆಚ್ಚು ಪ್ರಾಮಾಣಿಕವಾಗಿ ತೋರಿಸುತ್ತವೆ. ಚಿಕಿತ್ಸೆಗೆ ಹೋದವರ ಹೆಸರು ಗ್ರಾಮಸಭೆಯಲ್ಲಿ ಯಾವ ಕಾರಣಕ್ಕೂ ಬರಬಾರದು, ಸನ್ಮಾನದ ನೆಪದಲ್ಲೂ.

ಡಬ್ಬಿಯನ್ನು ಒಂದು ಬೀಗರೂಟ ಮುಗಿಸಿದ ಮನೆಯವರೇ ಮುಂದಿನ ಮನೆಗೆ ತಲುಪಿಸುವ ಪದ್ಧತಿ ಮಾಡಿಕೊಳ್ಳಿ. ಜೊತೆಗೆ ಚೀಟಿಗಳ ಕಟ್ಟು, ದಾರದ ಉಂಡೆ, ಒಂದು ಪೆನ್ನು, ಟೆಂಪೊದವರ ಫೋನ್ ಸಂಖ್ಯೆ ಅದರೊಳಗೇ ಇರಲಿ. ಮರುದಿನ ಬೆಳಗ್ಗೆ ಹನ್ನೊಂದಾದರೂ ಯಾರೂ ಬಂದು ಒಯ್ಯದ ಕೀ ಒಂದೆರಡು ಅದರ ತಳದಲ್ಲಿ ಉಳಿದಿರುತ್ತವೆ. ಆ ಚೀಟಿಯ ಸಂಖ್ಯೆ ನೋಡಿ, ಗಾಡಿಯನ್ನು ಮನೆಬಾಗಿಲಿಗೆ ಬಿಟ್ಟು, ಕೊಟ್ಟ ಮಾತಿನಂತೆ ಕೀಯನ್ನು ಅವರ ಕೈಗೇ ಕೊಟ್ಟು ಬನ್ನಿ.